ಹೈಡ್ರಾಲಿಕ್ ಸ್ಟೇರಿಂಗ್‌ನ ಗಾಳಿ ತೆಗೆಯಲು ಮೂರು ದಾರಿ: ಮನೆಯಲ್ಲೇ ಮಾಡಿ ನೋಡಿದ ಹೋಲಿಕೆ

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿ ದಡದ ಮೇಲೆ ಬಂದಿರುವ ಈ ಎರಡು ತಿಂಗಳೇ ರಿಪೇರಿಯ ಕಾಲ. ನಮ್ಮದು ಔಟ್‌ಬೋರ್ಡ್ (ಹಿಂಬದಿಗೆ ಹೊರಗೆ ಕೂರಿಸಿದ) ಎಂಜಿನ್ನಿನ ಸಣ್ಣ ಫೈಬರ್ ದೋಣಿ. ಸ್ಟೇರಿಂಗ್ ಹೈಡ್ರಾಲಿಕ್, ಅಂದರೆ ಆಯಿಲ್ ಒತ್ತಡದಿಂದ ಎಂಜಿನ್ ತಿರುಗುತ್ತದೆ. ಸ್ಟೇರಿಂಗ್ ಚಕ್ರದ ಹಿಂದೆ ಪಂಪು, ಎಂಜಿನ್ ಮುಂದೆ ಸಿಲಿಂಡರ್, ನಡುವೆ ಎರಡು ಹೋಸ್. ಚಕ್ರ ಸುಮ್ನೆ ತಿರುಗುತ್ತಾ ಎಂಜಿನ್ ತಡವಾಗಿ ತಿರುಗಿದರೆ ಒಳಗೆ ಗಾಳಿ ಸೇರಿದೆ ಅಂತ ಲೆಕ್ಕ.

ಆಯಿಲ್ ಹೊರಗೆ ಬರುವ ಜಾಗ ಇಲ್ಲದೆ ಗಾಳಿ ಒಳಗೆ ಹೋಗುವುದು ಅಪರೂಪ. ಹಾಗಾಗಿ ಮೊದಲು ಸೋರಿಕೆ ಹುಡುಕಬೇಕು. ಚಕ್ರದ ಹಿಂದಿನ ಶಾಫ್ಟ್ ಸೀಲ್ (ಆಯಿಲ್ ತಡೆಯುವ ಬಳೆ) ಮತ್ತು ಸಿಲಿಂಡರ್‌ನ ಎರಡು ತುದಿ, ಸಾಮಾನ್ಯವಾಗಿ ಇಷ್ಟೇ. ಸಿಲಿಂಡರ್ ರಾಡ್ ಒರೆಸಿ ಉದ್ದಕ್ಕೂ ಉಗುರು ಎಳೆದು ನೋಡಿ. ಉಪ್ಪುನೀರು ತಿಂದ ಗುಳಿಗೆ ಉಗುರು ಸಿಕ್ಕಿದರೆ ಹೊಸ ಸೀಲೂ ಬೇಗ ಹರಿಯುತ್ತದೆ, ರಾಡನ್ನೇ ಬದಲಿಸಬೇಕು. ರಾಡ್ ಚೆನ್ನಾಗಿದ್ದರೆ ಎರಡು ದಾರಿ: ಸೀಲ್ ಮಾತ್ರ ಹಾಕುವುದು, ಇಲ್ಲವೇ ಸೀಲ್ ಕೂತಿರುವ ಇಡೀ ಎಂಡ್ ಕ್ಯಾಪ್ ಬದಲಿಸುವುದು. ಎರಡನ್ನೂ ಮಾಡಿದ್ದೇನೆ. ಸೀಲ್ ಅಗ್ಗ, ಆದರೆ ಹಳೆಯದನ್ನು ಕೀಳುವಾಗ ಸೀಲ್ ಕೂರುವ ಜಾಗಕ್ಕೆ ಗೀರು ಬೀಳದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಮನೆಯಲ್ಲಿ ಮಾಡುವವರಿಗೆ ಎಂಡ್ ಕ್ಯಾಪೇ ವಾಸಿ.

ಇನ್ನು ಗಾಳಿ ತೆಗೆಯುವ ವಿಷಯ.

ಮೊದಲನೆಯದು ಬಾಟಲಿ ದಾರಿ. ಪಂಪಿನ ಫಿಲ್ಲರ್‌ಗೆ (ಆಯಿಲ್ ತುಂಬುವ ಬಾಯಿಗೆ) ಟ್ಯೂಬ್ ಬಿಗಿದು, ಆಯಿಲ್ ಬಾಟಲಿ ತಲೆಕೆಳಗೆ ಮಾಡಿ, ತಳಕ್ಕೆ ತೂತು ಹೊಡೆಯಬೇಕು. ಇಬ್ಬರು ಬೇಕು. ನಾನು ಚಕ್ರದ ಹತ್ತಿರ, ಅಣ್ಣನ ಮಗ ಎಂಜಿನ್ ಹತ್ತಿರ. ಚಕ್ರ ಬಲಕ್ಕೆ ಪೂರ್ತಿ ತಿರುಗಿಸಿ ನಿಲ್ಲಿಸುತ್ತೇನೆ. ಅವನು ಸಿಲಿಂಡರ್‌ನ ಬಲಗಡೆ ಬ್ಲೀಡರ್ (ಗಾಳಿ ಬಿಡುವ ತಿರುಪು) ಸಡಿಲಿಸಿ, ಸಿಲಿಂಡರ್ ಸರಿಯದಂತೆ ಒತ್ತಿ ಹಿಡಿಯುತ್ತಾನೆ. ಈಗ ಚಕ್ರ ಎಡಕ್ಕೆ, ನಿಧಾನವಾಗಿ. ಬ್ಲೀಡರ್‌ಗೆ ಸಿಕ್ಕಿಸಿದ ಪಾರದರ್ಶಕ ಪೈಪಿನಲ್ಲಿ ಮೊದಲು ನೊರೆ, ಆಮೇಲೆ ಬಿಡಿ ಗುಳ್ಳೆ, ಕೊನೆಗೆ ಬರೀ ಆಯಿಲ್.

"ಚಿಕ್ಕಪ್ಪ, ಗುಳ್ಳೆ ನಿಂತಿತು, ಮುಚ್ಚಲಾ?"

"ಮುಚ್ಚು. ನಾನು ತಿರುಗಿಸ್ತಾನೇ ಇರ್ತೇನೆ."

ಚಕ್ರ ತಿರುಗುತ್ತಿರುವಾಗಲೇ ಮುಚ್ಚುವುದು ಮುಖ್ಯ. ಇಲ್ಲದಿದ್ದರೆ ಗಾಳಿ ವಾಪಸ್ ಎಳೆಯುತ್ತದೆ. ಚಕ್ರ ಎಡಕ್ಕೆ ಪೂರ್ತಿ ಹೋದ ಮೇಲೆ ಎಡಗಡೆ ಬ್ಲೀಡರ್‌ಗೂ ಇದೇ ಕೆಲಸ, ಈ ಸಲ ಚಕ್ರ ಬಲಕ್ಕೆ. ಬಾಟಲಿ ಮಾತ್ರ ಯಾವಾಗಲೂ ಖಾಲಿಯಾಗಬಾರದು.

ಎರಡನೆಯದು ಕಾರ್ ಬ್ರೇಕ್‌ಗೆ ಬಳಸುವ ವ್ಯಾಕ್ಯೂಮ್ ಕೈಪಂಪು. ಒಬ್ಬರೇ ಮಾಡಬಹುದು ಅಂತ ಆಸೆಯಿಂದ ಹಾಕಿ ನೋಡಿದೆ. ಗುಳ್ಳೆ ನಿಲ್ಲುವುದೇ ಇಲ್ಲ! ಸಡಿಲಿಸಿದ ಬ್ಲೀಡರ್‌ನ ತಿರುಪಿನ ಸಂದಿನಿಂದಲೇ ಹೊರಗಿನ ಗಾಳಿ ಒಳಗೆ ಎಳೆಯುತ್ತದೆ. ಯಾವ ಗುಳ್ಳೆ ಸಿಲಿಂಡರಿನದು, ಯಾವುದು ತಿರುಪಿನ ಸಂದಿನದು ಅಂತ ಹೇಳುವುದು ಹೇಗೆ? ಈ ಕೆಲಸಕ್ಕೆ ನಾನು ಇದನ್ನು ಬೇಡ ಅನ್ನುತ್ತೇನೆ.

ಮೂರನೆಯದು ತೋಟಕ್ಕೆ ಬಳಸುವ ಕೈ ಸ್ಪ್ರೇಯರ್. ಔಷಧಿ ಮುಟ್ಟದ ಹೊಸದೇ ಆಗಬೇಕು. ಅದರಲ್ಲಿ ಆಯಿಲ್ ತುಂಬಿ ಫಿಲ್ಲರ್‌ಗೆ ಜೋಡಿಸಿ ಸ್ವಲ್ಪವೇ ಒತ್ತಡ ಕೊಡುತ್ತೇನೆ. ಗೇಜ್ 5 ಪಿಎಸ್ಐ ದಾಟಲು ಬಿಡುವುದಿಲ್ಲ, ಶಾಫ್ಟ್ ಸೀಲ್ ಉಳಿಯಬೇಕಲ್ವಾ. ಬಾಟಲಿ ಖಾಲಿಯಾಗುವ ಚಿಂತೆಯಿಲ್ಲ, ಹೋಸ್ ಉದ್ದವಿದ್ದಾಗ ಬಹಳ ಅನುಕೂಲ. ಆದರೆ ಫಿಲ್ಲರ್‌ಗೆ ಸರಿಹೊಂದುವ ಜೋಡಣೆ ಲೇತಿನಲ್ಲಿ ಮಾಡಿಸಬೇಕು, ಚಕ್ರವನ್ನೂ ತಿರುಗಿಸಲೇಬೇಕು. ಒಬ್ಬರೇ ಇದ್ದರೆ ಇದು. ಜೊತೆಗೆ ಒಬ್ಬರು ಸಿಕ್ಕರೆ ಬಾಟಲಿಯೇ.

ಆಯಿಲ್‌ನಲ್ಲಿ ಮಾತ್ರ ರಾಜಿ ಬೇಡ. ಸ್ಟೇರಿಂಗ್ ಆಯಿಲ್ ತೆಳು, 15 ಗ್ರೇಡ್. ಸುಲಭವಾಗಿ ಸಿಗುವ ದಪ್ಪನೆಯ 68 ಗ್ರೇಡ್ ಹಾಕಿದರೆ ಚಕ್ರ ಭಾರವಾಗುತ್ತದೆ. ಬ್ರೇಕ್ ಆಯಿಲ್ ಅಂತೂ ಸೀಲನ್ನೇ ಹಾಳುಮಾಡುತ್ತದೆ.

ಕೊನೆಗೆ ಪರೀಕ್ಷೆ. ಚಕ್ರ ಒಂದು ಕಡೆಗೆ ಪೂರ್ತಿ ತಿರುಗಿಸಿ, ಅಲ್ಲಿಂದ ಇನ್ನೂ ಒತ್ತುತ್ತಾ ಫಿಲ್ಲರ್ ಒಳಗೆ ನೋಡಿ. ಆಯಿಲ್ ಮಟ್ಟ ಕೆಳಗಿಳಿದರೆ ಗಾಳಿ ಇನ್ನೂ ಇದೆ, ಮತ್ತೊಂದು ಸುತ್ತು ಮಾಡಿ. ಇಳಿಯದಿದ್ದರೆ ಮುಚ್ಚಳ ಹಾಕಬಹುದು, ಆದರೆ ಬಾಯಿವರೆಗೆ ತುಂಬಬೇಡಿ. ಬಿಸಿಲಿಗೆ ಆಯಿಲ್ ಹಿಗ್ಗಲು ಅರ್ಧ ಇಂಚು ಜಾಗ ಬಿಡಿ.