ಹಾಸನದ ಸೈಬರ್ ಅಂಗಡಿಯ ನೀಟ್ ಪುಸ್ತಕ: ಪ್ರಿಂಟಿಗೆ ಎರಡು ಸ್ಟಾರು, ಪುಸ್ತಕಕ್ಕೆ ಐದು

ಬೋರ್ಡಿನ ಮೇಲೆ ಇರೋದು ಜೆರಾಕ್ಸ್, ಲ್ಯಾಮಿನೇಷನ್, ಪಹಣಿ, ಪಾನ್ ಕಾರ್ಡ್. ಬಿ.ಎಂ. ರಸ್ತೆಯಿಂದ ಒಳಗೆ ತಿರುಗೋ ಓಣಿಯಲ್ಲಿ ನಾಲ್ಕು ಕಂಪ್ಯೂಟರಿನ ಅಂಗಡಿ. ಮೆಡಿಕಲ್ ಸೀಟಿನ ನೀಟ್ ಪರೀಕ್ಷೆಯ ರಿಸಲ್ಟ್ ಬಂದ ಮೇಲೆ ಅಲ್ಲಿ ನಿಲ್ಲೋಕೂ ಜಾಗ ಸಿಗಲ್ಲ. ನಾನು ಹೋಗಿದ್ದು ಮಗಳ ಕೆಇಎ ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜುಗಳನ್ನ ಸಾಲಾಗಿ ರಾಜ್ಯದ ಪರೀಕ್ಷಾ ಪ್ರಾಧಿಕಾರಕ್ಕೆ ತುಂಬಿ ಕೊಡೋದು), 150 ರೂಪಾಯಿ ಕೊಟ್ಟೆ. ಆದರೆ ನಾನು ಬರೀತಿರೋದು ಕೌಂಟರಿನ ಕೆಳಗೆ ಇಟ್ಟಿರೋ ಉದ್ದ ಪುಸ್ತಕದ ಬಗ್ಗೆ.

ಸೀಟು ಸಿಕ್ಕವರು, ಸಿಗದವರು ಎಲ್ಲರೂ ಅದರಲ್ಲಿ ಒಂದೊಂದು ಸಾಲು ಬರೀತಾರೆ. ಹೆಸರಿಲ್ಲ, ತಾಲ್ಲೂಕು ಮಾತ್ರ. ಆಮೇಲೆ ಮಾರ್ಕ್ಸು, ಆಲ್ ಇಂಡಿಯಾ ರ‍್ಯಾಂಕು, ಕೆಟಗರಿ, ಎಷ್ಟನೇ ಸುತ್ತು, ಯಾವ ಕಾಲೇಜು. ಬಸ್ಸಲ್ಲಿ ಇಪ್ಪತ್ತೆರಡು ವರ್ಷ ವೇಬಿಲ್ ಬರೆದವನು ನಾನು, ಲೆಕ್ಕ ನೋಡಿದ್ರೆ ಬರೆದವನ ಶ್ರದ್ಧೆ ಗೊತ್ತಾಗುತ್ತೆ. ಕೆಟಗರಿ ಕಾಲಂನಲ್ಲಿ ಬರೀ ‘2ಎ’ (ಹಿಂದುಳಿದ ವರ್ಗದ ಒಂದು ಮೀಸಲಾತಿ ಗುಂಪು) ಅಂತ ಬರೆದ್ರೆ ಅಂಗಡಿಯವರು ಒಪ್ಪಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆ ಆದ್ರೆ 2ಎಆರ್, ಕನ್ನಡ ಮೀಡಿಯಂ ಆದ್ರೆ 2ಎಕೆ, ಎರಡೂ ಅಲ್ಲದಿದ್ರೆ 2ಎಜಿ. ಆ ಒಂದಕ್ಷರಕ್ಕೆ ಕಾಲೇಜೇ ಬದಲಾಗುತ್ತೆ ಕಣ್ರೀ.

ನಮ್ಮ ಭಾವಮೈದನ ಮಗನಿಗೆ 2024ರಲ್ಲಿ 598 ಬಂದಿತ್ತು. ಜನರಲ್ ಮೆರಿಟ್, ಸರ್ಕಾರಿ ಸೀಟು ಸಿಗಲಿಲ್ಲ. ನನ್ನ ಮಗಳಿಗೆ 2025ರಲ್ಲಿ 508. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗ ಭಾವಮೈದ, “598ಕ್ಕೇ ಇಲ್ಲ, ಬಿಎಸ್ಸಿ ನರ್ಸಿಂಗ್ ನೋಡಿ” ಅಂದ. ಮಗಳು ಹೋಳಿಗೆ ಮುಟ್ಟದೆ ಎದ್ದುಹೋದಳು. ಪುಸ್ತಕದಲ್ಲಿ ಎರಡು ವರ್ಷದ ಪುಟ ಅಕ್ಕಪಕ್ಕ ಇಟ್ಟು ನೋಡಿದ ಮೇಲೇ ನನಗೆ ಉಸಿರು ಬಂದಿದ್ದು. 2024ರಲ್ಲಿ 720ಕ್ಕೆ 720 ತೆಗೆದವರೇ ಹಿಂಡುಹಿಂಡು. 2025ರಲ್ಲಿ ಫಿಸಿಕ್ಸ್ ಎಲ್ಲರನ್ನೂ ಅರೆದು ಹಾಕಿತ್ತು, ದೇಶಕ್ಕೇ ಮೊದಲು ಬಂದವನಿಗೇ 686. ರ‍್ಯಾಂಕ್ ಕಾಲಂ ನೋಡಿದ್ರೆ ಮಗಳ 508 ಅವನ 598ಕ್ಕಿಂತ ಮುಂದೇನೇ ಬಂದು ಕೂತಿತ್ತು. ಅದರ ಮೇಲೆ ಅವಳು 2ಎಆರ್.

2024ರ ಪುಟದಲ್ಲಿ ಇನ್ನೊಂದು ವಿಶೇಷ. ಎಷ್ಟೋ ಸಾಲಿನಲ್ಲಿ ಮಾರ್ಕ್ಸು ಹೊಡೆದು ಕೆಂಪು ಇಂಕಲ್ಲಿ ಐದು ಕಮ್ಮಿ ಬರೆದಿದೆ. ಫಿಸಿಕ್ಸಿನ ಒಂದು ಪ್ರಶ್ನೆಗೆ ಮೊದಲು ಎರಡು ಉತ್ತರ ಸರಿ ಅಂದಿದ್ದು, ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಒಂದೇ ಸರಿ ಅಂತಾಯ್ತಲ್ಲ, ಅದು. ಕೊಟ್ಟಿದ್ದ ನಾಲ್ಕು ಹೋಯ್ತು, ತಪ್ಪಿಗೆ ಒಂದು ಮೈನಸ್. ಜುಲೈ 26ರ ಪರಿಷ್ಕೃತ ರಿಸಲ್ಟ್ ನೋಡಿಕೊಂಡು ಮತ್ತೆ ಬಂದು ತಿದ್ದಿಹೋಗಿದ್ದಾರೆ ಮಕ್ಕಳು. 2019ರ ಪುಸ್ತಕವನ್ನೂ ತಿರುವಿದೆ. ಅದರಲ್ಲಿ ಚಿಕ್ಕಮಗಳೂರು ಅನ್ನೋ ಹೆಸರೇ ಇಲ್ಲ, ಆಗ ಅಲ್ಲಿ ಮೆಡಿಕಲ್ ಕಾಲೇಜೇ ಇರಲಿಲ್ಲ.

ಸುಳ್ಳು ಬರೆಯೋರು ಇಲ್ವಾ? ಇದ್ರಂತೆ. ಅದಕ್ಕೇ ಈಗ ಸ್ಕೋರ್ ಕಾರ್ಡಿನ ಜೆರಾಕ್ಸಲ್ಲಿ ಹೆಸರು, ಫೋಟೋ, ರೋಲ್ ನಂಬರ್ ಕತ್ತರಿಸಿ ತೆಗೆದು, ಉಳಿದ ತುಂಡನ್ನ ಸಾಲಿನ ಪಕ್ಕ ಗೋಂದು ಹಚ್ಚಿ ಅಂಟಿಸ್ತಾರೆ. ನೂರಾರು ತುಂಡು ಅಂಟಿ ಪುಸ್ತಕ ಹಲಸಿನ ಹಣ್ಣಿನ ಹಾಗೆ ಉಬ್ಬಿದೆ.

ಬೈಯ್ಯೋದೂ ಇದೆ. ಕಲರ್ ಪ್ರಿಂಟ್ 20 ರೂಪಾಯಿ, ಅದರಲ್ಲೂ ನೀಲಿ ಬರಲ್ಲ. ಅದಕ್ಕಿಂತ ದೊಡ್ಡದು: ಮಕ್ಕಳ ಪಾಸ್‌ವರ್ಡನ್ನ ಅಂಗಡಿ ಹುಡುಗ ರಟ್ಟಿನ ಮೇಲೆ ಬರೆದು ಗೋಡೆಗೆ ಸಿಕ್ಕಿಸ್ತಾನೆ. ಹೆಸರು ಕತ್ತರಿಸೋಕೆ ಅಷ್ಟು ನಿಗಾ ಇರೋರಿಗೆ ಇದು ಹೊಳೆಯಲ್ವಾ? ನಾವು ಮನೆಗೆ ಬಂದ ತಕ್ಷಣ ಬದಲಾಯಿಸಿದ್ವಿ. ನೀವೂ ಬದಲಾಯಿಸಿ, ಆಪ್ಷನ್ ಯಾರಾದ್ರೂ ಮೇಲೆಕೆಳಗೆ ಮಾಡಿದ್ರೆ ಮುಗೀತು.

ಮಗಳು ಹಾಸನವನ್ನ ಮೊದಲು ಹಾಕಿದ್ದಳು. ಎರಡನೇ ಸುತ್ತಿನಲ್ಲಿ ಚಿಕ್ಕಮಗಳೂರು ಬಂತು. ಸಾಲು ಬರೆಯೋಕೆ ಅವಳೇ ಬಂದಳು, ತಾಲ್ಲೂಕು ಆಲೂರು ಅಂತ ಬರೆದು, ತುಂಡು ಅಂಟಿಸಿ, ಪಕ್ಕದಲ್ಲಿ ಸಣ್ಣಕ್ಷರದಲ್ಲಿ “ಹೋಳಿಗೆ ತಿಂದೆ” ಅಂತ ಸೇರಿಸಿದಳು. ಅಂಗಡಿಯವರು ಅದಕ್ಕೆ ಕಾಲಂ ಇಲ್ಲ ಅಂತ ಗೊಣಗಿದ್ರು, ಹೊಡೆದು ಹಾಕಲಿಲ್ಲ.

ಹೋಗೋದಾದ್ರೆ ಮಧ್ಯಾಹ್ನ ಎರಡರ ಮೇಲೆ ಹೋಗಿ, ರಶ್ ಕಮ್ಮಿ. ಭಾನುವಾರ ಬಾಗಿಲು ಹಾಕಿರುತ್ತೆ.