ಇನ್‌ಸೈಡ್ ಔಟ್: ಮಳೆ ರಜೆಗೆ ಒಂದನೆಯದೋ, ಎರಡನೆಯದೋ?

ಮಡಿಕೇರಿಯಲ್ಲಿ ಮಳೆಗೆ ಶಾಲೆಗೆ ರಜೆ, ಕರೆಂಟ್ ಯಾವಾಗ ಕೈಕೊಡುತ್ತದೋ ಹೇಳಲಾಗದು. ಪಿಕ್ಸರ್‌ನ ಅನಿಮೇಷನ್ ಚಿತ್ರ ‘ಇನ್‌ಸೈಡ್ ಔಟ್’ ಎರಡು ಭಾಗಗಳಲ್ಲಿದೆ; ಒಂದೇ ಸಿನಿಮಾ ಎಂದಾದರೆ ಮಗುವಿನ ವಯಸ್ಸು ನೋಡಿ ಆರಿಸಿ. ಎರಡೂ ಒಂದೂವರೆ ಗಂಟೆ ಚಿಲ್ಲರೆ.

2015ರ ಮೊದಲನೆಯದರಲ್ಲಿ 11ರ ಹುಡುಗಿ ರೈಲಿ ಊರು ಬಿಟ್ಟು ಸ್ಯಾನ್‌ಫ್ರಾನ್ಸಿಸ್ಕೊಗೆ ಬರುತ್ತಾಳೆ. ಅವಳ ತಲೆಯೊಳಗೆ ಪಾತ್ರಗಳಾಗಿ ಓಡಾಡುವುದು ಐದೇ ಭಾವ, ಕಥೆಯ ದಾರಿ ನೇರ: ದಾರಿ ತಪ್ಪಿದ ಖುಷಿ, ದುಃಖ ಎರಡೂ ವಾಪಸಾಗಬೇಕು. ರೈಲಿಯ ಬಾಲ್ಯದ ಕಲ್ಪನೆಯ ಗೆಳೆಯ ಬಿಂಗ್ ಬಾಂಗ್ ಮಾಸಿಹೋಗುವಾಗ ಸಣ್ಣವರು ಅಳಬಹುದು, ಪಕ್ಕದಲ್ಲೇ ಇರಿ.

2024ರದ್ದರಲ್ಲಿ ಅವಳಿಗೆ 13. ಆತಂಕ, ಅಸೂಯೆ, ಬೇಸರ, ಮುಜುಗರ ಬಂದು ಸೇರುತ್ತವೆ. ಎಡವಿರುವುದೂ ಇಲ್ಲೇ: ಅಸೂಯೆಗೂ ಬೇಸರಕ್ಕೂ ಹೆಚ್ಚು ಕೆಲಸವಿಲ್ಲ, ಹಳೆಯ ಐವರ ಅಲೆದಾಟ ಮೊದಲನೆಯದರ ನಕಲಿನಂತಿದೆ. ಆದರೆ ಹಾಕಿ ಕ್ಯಾಂಪ್ ಇದೆಯಲ್ಲ! ಐಸ್ ಹಾಕಿ, ಇರಲಿ. ಕೊಡವ ಕುಟುಂಬ ಹಾಕಿ ನೋಡಿ ಬೆಳೆದ ಮಕ್ಕಳಿಗೆ ಟೀಮಿಗೆ ಆಯ್ಕೆಯಾಗುವ ಒತ್ತಡ ವಿವರಿಸಬೇಕಿಲ್ಲ. ತಪ್ಪಾಟಕ್ಕೆ ಆಟಗಾರರನ್ನು ಹೊರಗೆ ಕೂರಿಸುವ ಪೆನಾಲ್ಟಿ ಬಾಕ್ಸ್‌ನಲ್ಲಿ ಕೂತ ರೈಲಿಗೆ ಉಸಿರು ಕಟ್ಟುತ್ತದೆ. ಒಳಗೆ ಆತಂಕ ಕಿತ್ತಳೆ ಸುಂಟರಗಾಳಿಯಾಗಿ ಸುತ್ತುತ್ತಾ ತಾನೇ ನಿಲ್ಲಲಾಗದೆ ಸಿಕ್ಕಿಬೀಳುತ್ತದೆ. ಈ ದೃಶ್ಯಕ್ಕೆ ಸಾಟಿ ಮೊದಲನೆಯದರಲ್ಲೂ ಇಲ್ಲ.

ಕಥೆಯ ಬಿಗಿ ಮಾತ್ರ ಮೊದಲನೆಯದರದ್ದೇ. ಹತ್ತರೊಳಗಿನವರಿಗೆ ಅದನ್ನೇ ಹಾಕಿ. ಹೈಸ್ಕೂಲಿನವರು ನೇರ ಎರಡನೆಯದಕ್ಕೆ ಕೂತರೂ ಕಥೆ ಅರ್ಥವಾಗುತ್ತದೆ.