ಮಡಿಕೇರಿಯ ಒಂದು ವಿದ್ಯಾರ್ಥಿನಿ ನಿಲಯ: ಮಳೆಗಾಲದಲ್ಲಿ ಕಂಡಂತೆ

ತಂಗಿ ಪದವಿ ತರಗತಿಗೆ ಸೇರಿದ ಮೇಲೆ ಮಡಿಕೇರಿಯ ಖಾಸಗಿ ವಿದ್ಯಾರ್ಥಿನಿ ನಿಲಯವೊಂದನ್ನು ಹತ್ತಿರದಿಂದ ನೋಡುವ ಅವಕಾಶ ದೊರೆಯಿತು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿರುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಅಪರೂಪವಾದ ಈ ಊರಿನಲ್ಲಿ ವಸತಿಯ ಗುಣವನ್ನು ಅಳೆಯಬೇಕಾದದ್ದು ಗೋಡೆಯ ಬಣ್ಣದಿಂದಲ್ಲ; ಬಿಸಿನೀರು, ಕರೆಂಟು ಹೋದಾಗಿನ ಬೆಳಕು ಮತ್ತು ಬಟ್ಟೆ ಒಣಗಿಸುವ ವ್ಯವಸ್ಥೆಯಿಂದ. ಬಿಸಿನೀರಿಗೆ ಇಲ್ಲಿ ಕೊರತೆಯಿಲ್ಲ, ಯುಪಿಎಸ್ ಓದುವ ಕೊಠಡಿಗಷ್ಟೇ ಸೀಮಿತ. ಒದ್ದೆ ಬಟ್ಟೆಗಳಿಗೆ ಮಾತ್ರ ಮೆಟ್ಟಿಲಿನ ಕಂಬಿಯೇ ಗತಿ. ಕೊಡಗಿನಲ್ಲಿ ಇದು ಕ್ಷಮಿಸಲಾಗದ ಲೋಪ.

ಆದರೆ ಒಡನಾಟದ ವಿಷಯದಲ್ಲಿ ನಿಲಯವು ನನ್ನ ನಿರೀಕ್ಷೆಯನ್ನು ಮೀರಿತು. ಹೊಸಬರ ಪುಟ್ಟ ಗುಂಪೊಂದನ್ನು ಹಿರಿಯ ವಿದ್ಯಾರ್ಥಿನಿಯೊಬ್ಬಳಿಗೆ ಒಪ್ಪಿಸುವ ಪದ್ಧತಿಯಿರುವುದರಿಂದ, ಗ್ರಂಥಾಲಯದ ಕಾರ್ಡಿನಿಂದ ಹಿಡಿದು ವಿದ್ಯಾರ್ಥಿವೇತನದ ಅರ್ಜಿಯವರೆಗೆ ಯಾವುದಕ್ಕೂ ಕೇಳಲು ಒಬ್ಬರಿರುತ್ತಾರೆ. ಕೊಡವ ತಕ್ಕ್, ಅರೆಭಾಷೆ, ಬ್ಯಾರಿ, ಮಲಯಾಳ ಮನೆಮಾತಿನ ಹುಡುಗಿಯರು ಒಂದೇ ಮೇಜಿನಲ್ಲಿ ಕುಳಿತು ಕನ್ನಡದಲ್ಲಿ ಜಗಳವಾಡುವುದೂ (ಹೆಚ್ಚಾಗಿ ಕಡಂಬುಟ್ಟು ಎಂಬ ಅಕ್ಕಿತರಿಯ ಕಡುಬಿನ ಪಾಲಿಗಾಗಿ) ಕಲಿಕೆಯ ಭಾಗವೇ. ಕಡಂಬುಟ್ಟು ಇಲ್ಲದ ದಿನಗಳ ಊಟ ಸಾಧಾರಣ.

ರ‍್ಯಾಗಿಂಗ್ ತಡೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮಾವಳಿ ವಿದ್ಯಾರ್ಥಿ ಮತ್ತು ಪೋಷಕರಿಬ್ಬರಿಂದಲೂ ಮುಚ್ಚಳಿಕೆ ಕೇಳುತ್ತದೆ. ಇಲ್ಲಿನ ವಾರ್ಡನ್ ಅದನ್ನು ಬರೆಸಿಕೊಂಡು ಸುಮ್ಮನಾಗದೆ ಹುಡುಗಿಯರೊಡನೆ ಕುಳಿತು ಚರ್ಚಿಸಿದರು. ಸಂಜೆ ಏಳಕ್ಕೇ ಗೇಟು ಹಾಕುವ ಕಟ್ಟುನಿಟ್ಟು ನನಗೆ ಒಪ್ಪಿಗೆಯಿಲ್ಲ. ರೈಲಿಲ್ಲದ ಈ ಜಿಲ್ಲೆಯಲ್ಲಿ ಎಲ್ಲರೂ ಬಸ್ಸನ್ನೇ ನಂಬಿರುವಾಗ, ಮರ ಬಿದ್ದು ರಸ್ತೆ ಕಟ್ಟಿದ ದಿನ ತಡವಾದವರಿಗೆ ಏನು ವ್ಯವಸ್ಥೆಯೆಂಬುದನ್ನು ಶುಲ್ಕ ಕಟ್ಟುವ ಮುನ್ನವೇ ಪೋಷಕರು ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳ್ಳೆಯದು.